ಸ್ಮಶಾನದ ಬೀಗಕ್ಕೆ ಎಣ್ಣೆ ಹಾಕಿದವರು

ಮಾರ್ಚ್ 3, ಸೋಮವಾರ

ಈ ನೋಟ್ ಪುಸ್ತಕ ಮಗಳದು. ಮದುವೆಯಾಗಿ ಹೋಗುವಾಗ ಬಿಟ್ಟುಹೋದಳು. ಮೊದಲ ಒಂಬತ್ತು ಹಾಳೆಗಳಲ್ಲಿ ಕಪ್ಪೆಯ ಹೊಟ್ಟೆಯೊಳಗಿನ ಚಿತ್ರಗಳಿವೆ. ಹತ್ತನೆಯ ಹಾಳೆಯಿಂದ ನನ್ನದು.

ಬರೆಯುವ ಚಟ ನನಗಿಲ್ಲ. ಇದು ಹೆಂಡತಿಯ ಆಜ್ಞೆ. ಜನವರಿಯಲ್ಲಿ ಒಂದು ಸಂಜೆ ಅವಳು ವಾಕಿಂಗ್ ಹೊರಟಾಗ ನಾನು ಹಿಂದೆ ಹೋಗಿದ್ದು ನಿಜ. ತಿರುವಿನ ಹತ್ತಿರ ಅವಳು ಹಿಂತಿರುಗಿ ನೋಡಿದ್ದೂ ನಿಜ. ಕೂಗಾಡಿದ್ದರೆ ನನಗೂ ಒಂದೆರಡು ಮಾತು ಆಡಲು ಜಾಗ ಸಿಗುತ್ತಿತ್ತು. ಅವಳು ಕೂಗಾಡಲಿಲ್ಲ. ಮನೆಗೆ ಬಂದು ನೀರು ಕುಡಿದು ಹೇಳಿದಳು: "ಇನ್ನೊಂದು ಸಲ ನೀವು ಹೀಗೆ ಹಿಂದೆ ಬಂದು ನೋಡಿದ್ರೆ ನಾನು ತಂಗಿ ಮನೆಗೆ ಹೋಗ್ಬಿಡ್ತೀನಿ. ನಾಲ್ಕು ದಿನಕ್ಕಲ್ಲ, ಪೂರ್ತಿ. ನಿಮ್ಮ ಅನುಮಾನಾನ ನನ್ನ ಮುಂದೆ ತರಬೇಡಿ. ಎಲ್ಲಾದ್ರೂ ಬರ್ಕೊಳ್ಳಿ."

ಅವಳು ಹೇಳಿದ್ದನ್ನು ಮಾಡುವವಳು. ಎರಡು ತಿಂಗಳು ತಡೆದುಕೊಂಡೆ. ಇಂದು ಬರೆಯುತ್ತಿರುವ ಅನುಮಾನ ಅವಳ ಮೇಲಿನದಲ್ಲ, ಆದ್ದರಿಂದ ಧೈರ್ಯವಾಗಿ ಬರೆಯಬಹುದು.

ನಮ್ಮ ಬೀದಿ ಮುಗಿಯುವಲ್ಲಿ, ಹಿಟ್ಟಿನ ಗಿರಣಿಯ ಹಿಂದೆ, ಒಂದು ಹಳೇ ಸ್ಮಶಾನ ಇದೆ. ಎಲ್ಲಿಂದಲೋ ವ್ಯಾಪಾರಕ್ಕೆ ಬಂದು, ಮೂರು ತಲೆಮಾರು ಇದ್ದು, ಮತ್ತೆಲ್ಲಿಗೋ ಹೋದವರದು. ಅಲ್ಲಿ ಕೊನೆಯ ಹೆಣ ಹೂತು ತೊಂಬತ್ತು ವರ್ಷವಾಯಿತಂತೆ. ಬೆಳಿಗ್ಗೆ ನಗರಸಭೆಯ ಗುಮಾಸ್ತ ನನ್ನ ಬೀಗ ರಿಪೇರಿ ಅಂಗಡಿಗೆ ಬಂದ.

"ಒಳಗೆ ಯಾರೋ ಓಡಾಡ್ತಾರೆ ಅಂತ ಕಂಪ್ಲೇಂಟ್ ಬಂದಿದೆ. ಮೂವತ್ತೊಂದಕ್ಕೆ ಹೊಸ ಬೀಗ ಬೀಳ್ಬೇಕು. ಒಳಗೆ ಏನೇನು ಮುರಿದಿದೆ ಅಂತ ಒಂದು ಪಟ್ಟೀನೂ ಮಾಡ್ಕೊಡಿ."

"ಹಳೇ ಬೀಗದ ಕೈ?"

"ಆಫೀಸಲ್ಲಿ ಕಳೆದು ಹತ್ತು ವರ್ಷ ಆಯ್ತು. ಸತ್ತವರೇನು ಎದ್ದು ಹೋಗ್ತಾರಾ ಅಂತ ಯಾರೂ ಹುಡುಕಲಿಲ್ಲ."

ಹೆಂಡತಿ ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತಿದ್ದಳು. "ಮೂವತ್ತೊಂದಕ್ಕಾ?" ಎಂದಳು. ಅಷ್ಟೇ.

ಹತ್ತು ಗಂಟೆಗೆ ಹೋಗಿ ಬೀಗ ನೋಡಿದೆ. ಗೇಟಿಗೇ ಕೂರಿಸಿದ, ಐದು ಲಿವರಿನ, ಅಂದರೆ ಕೀಲಿಕೈ ಎತ್ತಿದರೆ ಬಿಡುವ ಐದು ತಗಡು ಪಟ್ಟಿಗಳಿರುವ, ಹಳೇ ಕಾಲದ ಪೆಟ್ಟಿಗೆ ಬೀಗ. ಮೈಯೆಲ್ಲ ತುಕ್ಕು. ಆದರೆ ನನ್ನ ಕೊಕ್ಕೆತಂತಿಗೆ ಎರಡೇ ನಿಮಿಷದಲ್ಲಿ ತೆರೆದುಕೊಂಡಿತು. ಹತ್ತು ವರ್ಷ ಕೀಲಿಕೈ ಕಾಣದ ಬೀಗ ಎರಡು ನಿಮಿಷಕ್ಕೆ ತೆರೆಯುವುದಿಲ್ಲ. ತಂತಿ ಹೊರಗೆ ತೆಗೆದು ಬೆರಳಿಂದ ಉಜ್ಜಿ ನೋಡಿದೆ. ಎಣ್ಣೆ. ಹೊಸ ಎಣ್ಣೆ, ಹೊಲಿಗೆ ಯಂತ್ರಕ್ಕೆ ಹಾಕುವಂಥ ತಿಳಿ ಎಣ್ಣೆ.

ಹೊರಗೆ ತುಕ್ಕು ಬಿಟ್ಟು ಒಳಗೆ ಮಾತ್ರ ಎಣ್ಣೆ ಹಾಕುವವರು ಕಳ್ಳರಲ್ಲದೆ ಇನ್ಯಾರು?

ಅವಳು ವಾಕಿಂಗ್ ಹೊರಟದ್ದು 4:35, ಬಂದದ್ದು 5:50. ಸುಮ್ಮನೆ ಬರೆದಿಟ್ಟಿದ್ದೇನೆ.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಎರಡು ಗಂಟೆ ಒಳಗೆ ಸುತ್ತಾಡಿದೆ. ಇಷ್ಟು ವರ್ಷ ಅದರ ಗೋಡೆ ಪಕ್ಕದಲ್ಲೇ ಬದುಕಿದ್ದೇನೆ, ಒಳಗೆ ಇಷ್ಟು ಜಾಗ ಇದೆ ಎಂದು ಗೊತ್ತಿರಲಿಲ್ಲ. ಸೊಂಟದೆತ್ತರ ಹುಲ್ಲು. ನೂರಾ ಹನ್ನೆರಡು ಕಲ್ಲು ಎಣಿಸಿದೆ, ಬಿದ್ದವು ಬೇರೆ. ಕೆಲವುಗಳ ಮೇಲಿನ ಲಿಪಿ ನನಗೆ ಬರುವುದಿಲ್ಲ, ಕೆಲವುಗಳ ಅಕ್ಷರ ಬೆರಳಾಡಿಸಿದರೆ ಪುಡಿಯಾಗಿ ಉದುರುತ್ತದೆ. ಬೇಕರಿಯವನ ಕಲ್ಲಿನ ಮೇಲೆ ತೆನೆ ಕೆತ್ತಿದ್ದಾರೆ, ಗಡಿಯಾರ ರಿಪೇರಿಯವನ ಕಲ್ಲಿನ ಮೇಲೆ ಮುಳ್ಳಿಲ್ಲದ ಗಡಿಯಾರ. ಬೀಗದವನ ಕಲ್ಲು ಒಂದೂ ಇಲ್ಲ.

ಓದುತ್ತಾ ಹೋದರೆ ಸತ್ತವರ ಮೇಲೂ ಅನುಮಾನ ಬರುತ್ತದೆ. ಒಬ್ಬ "ನನ್ನ ಏಕೈಕ ಪ್ರೀತಿಯ ಮಡದಿಗೆ" ಎಂದು ಕಲ್ಲು ನೆಡಿಸಿದ್ದಾನೆ. ಅದರ ಪಕ್ಕದಲ್ಲೇ ಇನ್ನೊಬ್ಬ ಮಡದಿ, ಎರಡೇ ವರ್ಷ ಅಂತರ. ಏಕೈಕ! ಇನ್ನೊಬ್ಬ ದೊಡ್ಡ ವ್ಯಾಪಾರಿ ಬಾಗಿಲ ಹತ್ತಿರ ಅಮೃತಶಿಲೆಯಡಿ ಮಲಗಿದ್ದಾನೆ, ಅವನ ಹೆಂಡತಿ ಮಾತ್ರ ಆ ಕೊನೆಯ ಗೋಡೆಯ ಮೂಲೆಯಲ್ಲಿ. ನಡುವೆ ನೂರು ಕಲ್ಲು. ಜಾಗ ಸಾಲದೆ ಹಾಗೆ ಮಾಡಿದ್ದಲ್ಲ, ಏನೋ ನಡೆದಿದೆ.

ಆ ಹೆಂಡತಿಯ ಮೂಲೆಯಲ್ಲೇ ನನಗೆ ಸಾಕ್ಷಿ ಸಿಕ್ಕಿತು. ಅಲ್ಲೊಂದು ಅಗಲವಾದ ಚಪ್ಪಟೆ ಸಮಾಧಿ. ಸುತ್ತ ಹುಲ್ಲು ಬೆಳೆದಿದೆ, ಕಲ್ಲು ಮಾತ್ರ ಗುಡಿಸಿದಷ್ಟು ಚೊಕ್ಕ. ಗೋಡೆಯ ಸಂದಿಯಲ್ಲಿ ನಾಲ್ಕು ಮಡಿಕೆ ಹಾಕಿದ ಗೋಣಿಚೀಲ, ಕೂರುವುದಕ್ಕೆ. ಕೆಳಗೆ ಕಡಲೆಕಾಯಿ ಸಿಪ್ಪೆ. ಮತ್ತೆ ಒಂದು ಹೇರ್‌ಪಿನ್.

ಹೆಂಗಸು ಬರುತ್ತಾಳೆಂದರೆ ಗಂಡಸೂ ಬರುತ್ತಾನೆ. ಲೆಕ್ಕ ಅಷ್ಟೇ.

ಹೊರಟದ್ದು 4:30, ಬಂದದ್ದು 5:45.

ಮಾರ್ಚ್ 6, ಗುರುವಾರ

ಕಳ್ಳನನ್ನು ಹಿಡಿಯಲು ಪೊಲೀಸರು ಬೇಕಿಲ್ಲ, ಮಸಿ ಸಾಕು. ದೀಪದ ಮಸಿಯನ್ನು ಗ್ರೀಸಿನಲ್ಲಿ ಕಲಸಿ ಬೀಗದ ಕಣ್ಣಿನ ಸುತ್ತ, ಗೇಟಿನ ಹಿಡಿಯ ಒಳಮಗ್ಗುಲಿಗೆ ತೆಳ್ಳಗೆ ಬಳಿದು ಬಂದಿದ್ದೇನೆ. ನೋಡಿದರೆ ತುಕ್ಕಿನ ಕಪ್ಪಿನಂತೆಯೇ ಇದೆ. ಮುಟ್ಟಿದವರ ಬೆರಳಲ್ಲಿ ಎರಡು ದಿನ ನಿಲ್ಲುತ್ತದೆ, ಸೋಪಿಗೂ ಜಗ್ಗುವುದಿಲ್ಲ.

ಮಾರ್ಚ್ 8, ಶನಿವಾರ

ಮಸಿ ಉಜ್ಜಿಹೋಗಿದೆ. ಬಂದಿದ್ದಾರೆ!

ಎರಡು ದಿನದಿಂದ ಬೀದಿಯವರ ಮುಖ ನೋಡುತ್ತಿಲ್ಲ, ಬೆರಳು ನೋಡುತ್ತಿದ್ದೇನೆ. ಹಾಲಿನವನದು ಚೊಕ್ಕ. ಗಿರಣಿಯವನ ಕೈ ಬಿಳಿ. ದರ್ಜಿ ಅಕ್ಕ, ಅಂದರೆ ಎದುರು ಮನೆಯಲ್ಲಿ ಬಟ್ಟೆ ಹೊಲಿಯುವಾಕೆ, ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಹೊಲಿಗೆ ಯಂತ್ರದ ಎಣ್ಣೆ ಇರುವುದೂ ಅವಳ ಮನೆಯಲ್ಲೇ. ಕೇಳಿದೆ. "ಸೂಜಿ ಚುಚ್ಚಿತು, ನೋಡ್ತೀರಾ?" ಎಂದು ಬಿಚ್ಚಿ ತೋರಿಸಿದಳು. ರಕ್ತ ಇತ್ತು, ಮಸಿ ಇರಲಿಲ್ಲ.

ಆಮೇಲೆ ನಿವೃತ್ತ ಮೇಷ್ಟ್ರು. ಸ್ಮಶಾನದ ಗೋಡೆಗೆ ತಾಗಿದ ಮನೆ ಅವರದು. ಪೇಪರ್ ಹಿಡಿದು ಕೂತಿದ್ದರು, ಐದೂ ಬೆರಳ ತುದಿ ಕಪ್ಪು! "ಏನ್ ಮೇಷ್ಟ್ರೇ, ಕೈಯೆಲ್ಲ ಮಸಿ?" ಎಂದೆ. ಅವರು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬಿಡಲಿಲ್ಲ ನಾನು. ಕೊನೆಗೆ ತಗ್ಗಿದ ದನಿಯಲ್ಲಿ, "ಹೇರ್ ಡೈ ಮಾರಾಯ. ಬೀದಿಗೆಲ್ಲ ಸಾರ್ಬೇಡ," ಎಂದರು. ತಲೆ ನೋಡಿದೆ. ಹೌದು, ಕಾಗೆಯಂತೆ ಮಿಂಚುತ್ತಿತ್ತು.

ಈ ಮಸಿಯಿಂದ ನನಗೇ ತೊಂದರೆ. ಇವತ್ತು ಹೆಂಡತಿಯ ಚಹಾ ಲೋಟದ ಮೇಲೆ, ಬಚ್ಚಲಿನ ಬಿಳಿ ಟವೆಲ್ಲಿನ ಮೇಲೆ ಬೆರಳ ಗುರುತು. ಎಷ್ಟು ತೊಳೆದರೂ ನನ್ನ ಕೈ ಹೀಗೇ. ಅಂಗಡಿಯ ಮಸಿ ಮನೆಯೊಳಗೆ ತರಬೇಡಿ ಎಂದು ಇಪ್ಪತ್ತಾರು ವರ್ಷದಿಂದ ರಂಪ ಮಾಡುವವಳು ಇಂದು ಏನೂ ಅನ್ನಲಿಲ್ಲ. ಟವೆಲ್ಲನ್ನು ತಾನೇ ತೆಗೆದು ನೆನೆಹಾಕಿದಳು.

ಹೊರಟದ್ದು 4:40, ಬಂದದ್ದು 6:00. ಐದು ನಿಮಿಷ ಹೆಚ್ಚು.

ಮಾರ್ಚ್ 12, ಬುಧವಾರ

ಬೀಗವನ್ನೇ ಬಿಚ್ಚಿದೆ. ಬೆಳಿಗ್ಗೆ ಗೇಟಿನ ಹತ್ತಿರವೇ ಕೂತು, ಬಟ್ಟೆ ಹಾಸಿ, ಐದು ಲಿವರನ್ನೂ ಸಾಲಾಗಿ ಇಟ್ಟೆ. ಬಿಚ್ಚಿದ ಬೀಗ ಸುಳ್ಳು ಹೇಳುವುದಿಲ್ಲ. ಕೀಲಿಕೈ ತಾಗುವ ಕಡೆ ಪ್ರತಿ ಲಿವರೂ ಬೆಳ್ಳಗೆ ಹೊಳೆಯುತ್ತಿದೆ. ಒಂದು ವರ್ಷದಿಂದಲಾದರೂ ದಿನಾ ಯಾರೋ ತೆರೆಯುತ್ತಿದ್ದಾರೆ.

ಅದಕ್ಕಿಂತ ದೊಡ್ಡ ಸಂಗತಿ, ಒಳಗೆ ಹಳೆಯ ಮಸಿ ಇದೆ. ನಾನು ಬಳಿದದ್ದಲ್ಲ, ಮೋಂಬತ್ತಿಯ ಹೊಗೆ. ಅಂದರೆ ಇವರ ಹತ್ತಿರ ಇರುವುದು ಕಳೆದುಹೋದ ಹಳೇ ಕೀಲಿಕೈ ಅಲ್ಲ. ಹಲ್ಲು ಕೊರೆಯದ ಖಾಲಿ ಕೀಲಿಕೈ ತಗಡಿಗೆ ಹೊಗೆ ಹಿಡಿದು, ಬೀಗದಲ್ಲಿ ತಿರುಗಿಸಿ, ಮಸಿ ಅಳಿಸಿಹೋದ ಕಡೆ ಒಂದು ಕೂದಲೆಳೆಯಷ್ಟು ಅರದಿಂದ ಉಜ್ಜಿ, ಮತ್ತೆ ಹೊಗೆ, ಮತ್ತೆ ಅರ. ಐದು ಲಿವರಿಗೆ ನೂರು ಸಲವಾದರೂ ಮಾಡಬೇಕು. ಒಂದು ಸಲ ಹೆಚ್ಚು ಉಜ್ಜಿದರೆ ಎಲ್ಲ ಹಾಳು. ನಾನು ಕಲಿಯಲು ಆರು ವರ್ಷ ಹಿಡಿಯಿತು.

ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ. ಲಿವರುಗಳ ಮೇಲೆ ಒಂದೂ ಗೀರಿಲ್ಲ. ಅಷ್ಟು ನಯವಾದ ಕೈ. ಈ ಊರಲ್ಲಿ ಇಂಥ ಕೆಲಸ ಬರುವುದು ಇಬ್ಬರಿಗೆ. ಒಬ್ಬ ನಾನು. ಇನ್ನೊಬ್ಬ ಬಸ್ ನಿಲ್ದಾಣದ ಹತ್ತಿರ ಡಬ್ಬಿ ಅಂಗಡಿ ಇಟ್ಟಿರುವ ಆ ಬೋಳುತಲೆ.

ಎಲ್ಲ ಮೊದಲಿನಂತೆ ಕೂರಿಸಿ ಬಂದೆ. ಕಳ್ಳನಿಗೆ ಎಚ್ಚರವಾಗಬಾರದು.

ಮಾರ್ಚ್ 13, ಗುರುವಾರ

ಊಟವಾದ ಮೇಲೆ ನಾನು ನಿದ್ದೆ ತೆಗೆಯುವ ಎರಡು ಗಂಟೆ ಅಂಗಡಿಯಲ್ಲಿ ಹೆಂಡತಿ ಕೂರುತ್ತಾಳೆ, ಮೊದಲಿನಿಂದಲೂ ಹಾಗೇ. ಇಂದು ನಿದ್ದೆ ಬಿಟ್ಟು ಬೋಳುತಲೆಯ ಹತ್ತಿರ ಹೋದೆ. ನೇರವಾಗಿ ಕೇಳಿದೆ.

ಅವನು ನಕ್ಕ. "ಐದು ಲಿವರಿಗೆ ಹೊಗೆ ಹಿಡಿಯೋಷ್ಟು ತಾಳ್ಮೆ ನನಗೆಲ್ಲಿದೆ ಅಣ್ಣಾ? ನಂದೇನಿದ್ರೂ ಮಿಷನ್ ಕೆಲಸ. ಆ ವಿದ್ಯೆ ನಿಮ್ಮ ಅಂಗಡೀಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ನಿಮ್ಮನೇಲೇ ಹುಡುಕಿ."

ಎಂಥ ಕೊಬ್ಬು! ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಅವಳು. ನಾನು ಮಾಡಿಲ್ಲ. ಅವನೇ ಮಾಡಿ ನನ್ನ ಮೇಲೆ ಹಾಕುತ್ತಿದ್ದಾನೆ. ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ವಾಪಸ್ ಬಂದಾಗ ಅಂಗಡಿಯಲ್ಲಿ ಹೆಂಡತಿ ಸಣ್ಣ ಅರವನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. "ಹಲ್ಲಲ್ಲಿ ಹಿತ್ತಾಳೆ ಕೂತಿತ್ತು," ಎಂದಳು. "ಎಲ್ಲಿಗೆ ಹೋಗಿದ್ರಿ?" ಎಂದು ಕೇಳಲೂ ಇಲ್ಲ. ಗಂಡ ನಿದ್ದೆ ಬಿಟ್ಟು ಬಿಸಿಲಲ್ಲಿ ಎಲ್ಲಿಗೆ ಹೋದ ಎಂದು ಕೇಳದ ಹೆಂಡತಿಯ ಮನಸ್ಸಿನಲ್ಲಿ ಬೇರೆ ಏನೋ ಇದೆ. ನಾನು ಕೇಳುವ ಹಾಗಿಲ್ಲ, ಬರೆದಿದ್ದೇನೆ.

ಮಾರ್ಚ್ 18, ಮಂಗಳವಾರ

ಸ್ಮಶಾನ ಹಾಳಾಗಲಿ.

ಅವಳು ಅಡುಗೆಮನೆಯಲ್ಲಿ ತಂಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಕದ್ದು ಕೇಳಲಿಲ್ಲ, ನೀರಿಗೆ ಹೋಗಿದ್ದೆ. "ತಿಂಗಳ ಕೊನೆವರೆಗೂ ನೋಡ್ತೀನಿ. ಆಮೇಲೆ ನನ್ನಿಂದ ಆಗಲ್ಲ ಕಣೇ. ಆ ಹಿಂದಿನ ಕೋಣೆ ಒಂದು ಖಾಲಿ ಮಾಡಿಡು."

ನಾನು ಜನವರಿಯಿಂದ ಅವಳ ಹಿಂದೆ ಹೋಗಿಲ್ಲ. ಒಂದು ಸಲವೂ ಹೋಗಿಲ್ಲ. ಮತ್ತೆ ಯಾಕೆ? ತಿಂಗಳ ಕೊನೆಗೇ ಯಾಕೆ?

ನೀರು ಕುಡಿಯದೆ ಬಂದೆ.

ಮಾರ್ಚ್ 20, ಗುರುವಾರ

ಮೇಷ್ಟ್ರು ದಾರಿಯಲ್ಲಿ ನಿಲ್ಲಿಸಿದರು. "ಆ ಸ್ಮಶಾನದ ಗೇಟು ಮೊದಲೆಲ್ಲ ಸಂಜೆ ಐದರ ಒಳಗೆ ಒಂದು ಸಲ ಕಿರ್ ಅಂತಿತ್ತು. ಈಗ ವರ್ಷದಿಂದ ಗೇಟಿನ ಕೀಲುಗಳಿಗೂ ಯಾರೋ ಎಣ್ಣೆ ಬಿಟ್ಟಿದ್ದಾರೆ. ಆದ್ರೂ ಚಿಲಕದ ಸದ್ದು ಕೇಳತ್ತೆ."

ಐದರ ಒಳಗೆ! ನಾನು ಹೋಗುತ್ತಿದ್ದದ್ದೆಲ್ಲ ಬೆಳಿಗ್ಗೆ. ಆ ಹೊತ್ತಿಗೆ ಅವಳು ವಾಕಿಂಗ್ ಹೋಗಿರುತ್ತಾಳೆ, ಅಂಗಡಿ ಬಿಟ್ಟು ನಾನು ಏಳುವ ಹಾಗಿರುವುದಿಲ್ಲ. ಕಳ್ಳರಿಗೆ ನನ್ನ ದಿನಚರಿಯೂ ಗೊತ್ತಿದೆ.

ನಾಳೆ ನಾಲ್ಕಕ್ಕೇ ಅಂಗಡಿ ಮುಚ್ಚಿ ಒಳಗೆ ಹೋಗಿ ಕೂರುತ್ತೇನೆ. ಗೇಟಿಗೆ ಒಳಗಿನಿಂದ ಬೀಗ ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಮನೆಯ ಚಿಂತೆ ಮರೆಯಲು ಒಂದು ಕೆಲಸವಾದರೂ ಇರಲಿ.

ಮಾರ್ಚ್ 21, ಶುಕ್ರವಾರ

ಬೇಕರಿಯವನ ಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಕೈಯಲ್ಲಿ ಪಾನಾ ಹಿಡಿದಿದ್ದೆ, ಗಂಡಸು ಮೈಮೇಲೆ ಬಿದ್ದರೆ ಇರಲಿ ಎಂದು. ನಾಲ್ಕೂ ನಲವತ್ತಕ್ಕೆ ಬೀಗದಲ್ಲಿ ಕೀಲಿಕೈ ತಿರುಗಿತು. ಎಷ್ಟು ಸಲೀಸು! ಒಮ್ಮೆಯೂ ತಡವರಿಸಲಿಲ್ಲ.

ಬಂದವಳು ನನ್ನ ಹೆಂಡತಿ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ಮೊದಲು ನನಗೆ ಬಂದದ್ದು ಸಿಟ್ಟಲ್ಲ, ಒಂಥರಾ ಗೆಲುವು. ನೋಡು, ನನ್ನ ಅನುಮಾನ ಸುಳ್ಳಾಗಲಿಲ್ಲ! ಇನ್ನು ಅವನು ಬರಬೇಕಷ್ಟೆ. ಬರಲಿ. ಉಸಿರು ಬಿಗಿಹಿಡಿದು ಕೂತೆ.

ಅವಳು ಗೇಟು ಒಳಗಿನಿಂದ ಬೀಗ ಹಾಕಿಕೊಂಡಳು. ಮೂಲೆಗೆ ಹೋಗಿ, ಸೆರಗಿನಿಂದ ಕಲ್ಲು ಕೊಡವಿ, ಗೋಣಿಚೀಲ ಹಾಸಿ ಕೂತಳು. ಚಪ್ಪಲಿ ಬಿಟ್ಟು ಕಾಲು ನೀಡಿದಳು. ಕಡಲೆಕಾಯಿ ಸುಲಿದು ತಿಂದಳು, ನಿಧಾನಕ್ಕೆ, ಒಂದೊಂದೇ. ಹೇರ್‌ಪಿನ್ ತೆಗೆದು ಕೂದಲು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಳು. ಫೋನು ನೋಡಲಿಲ್ಲ. ದಾರಿ ನೋಡಲಿಲ್ಲ. ನನ್ನ ಮಂಡಿ ಸುಡುತ್ತಿತ್ತು, ಇರುವೆ ಕಾಲಿಗೆ ಹತ್ತಿತು. ನಾನು ಗೇಟಿನ ಕಡೆ ನೋಡುತ್ತಿದ್ದೆ, ಇನ್ನು ಬರುತ್ತಾನೆ, ಈಗ ಬರುತ್ತಾನೆ ಎಂದು.

ಯಾರೂ ಬರಲಿಲ್ಲ.

ಒಂದು ಗಂಟೆ ಅವಳು ಹಾಗೇ ಕೂತಿದ್ದಳು. ಅವಳ ಮುಖ ಅಷ್ಟು ಸಡಿಲವಾಗಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಒಂದೆರಡು ಸಲ ನೋಡಿದ್ದೆನೇನೋ. ಐದೂ ಮುಕ್ಕಾಲಿಗೆ ಎದ್ದು, ಗೋಣಿ ಮಡಿಸಿ ಸಂದಿಗೆ ತುರುಕಿ ಹೋದಳು. ನನಗೆ ಏಳಲು ಹತ್ತು ನಿಮಿಷ ಬೇಕಾಯಿತು.

ಮಾರ್ಚ್ 22, ಶನಿವಾರ

ಹಿಂದೆ ಹೋಗಿ ನೋಡಬಾರದು ಎಂದಿದ್ದಳು. ನಾನು ಮೊದಲೇ ಹೋಗಿ ಕೂತಿದ್ದೆ, ಹಿಂದೆ ಹೋದದ್ದಲ್ಲ. ಈ ವಾದ ಅವಳ ಮುಂದೆ ನಿಲ್ಲುವುದಿಲ್ಲ.

ಮಾರ್ಚ್ 24, ಸೋಮವಾರ

ಆ ಕೀಲಿಕೈ ಅವಳೇ ಮಾಡಿದ್ದು. ಮೂರು ದಿನದಿಂದ ಬೇರೆ ದಾರಿ ಹುಡುಕಿದೆ, ಇಲ್ಲ. ಮಧ್ಯಾಹ್ನದ ಎರಡು ಗಂಟೆ, ನನ್ನ ಅರ, ನನ್ನ ತಗಡು, ನನ್ನ ಮೋಂಬತ್ತಿ. ಇಷ್ಟು ವರ್ಷ ಊಟದ ಡಬ್ಬಿ ತಂದಿಟ್ಟು ಪಕ್ಕದಲ್ಲಿ ಕೂತು ನೋಡಿದ್ದಾಳೆ. ನಾನು ಅವಳ ಮೇಲೆ ಏನೇನೋ ಅನುಮಾನಪಟ್ಟಿದ್ದೇನೆ, ಇದೊಂದನ್ನು ಪಡಲಿಲ್ಲ. ಅವಳಿಗೆ ಕೆಲಸ ಬರುತ್ತದೆ ಎಂದು ಹೊಳೆಯಲೇ ಇಲ್ಲ. ನಾಚಿಕೆಯಾಗುತ್ತದೆ.

ಆದರೆ ಸ್ಮಶಾನಕ್ಕೇ ಯಾಕೆ? ಮಗಳಿಗೆ ಫೋನ್ ಮಾಡಿದೆ. ಸ್ಮಶಾನದ ಸುದ್ದಿ ಎತ್ತಲಿಲ್ಲ. "ನಿಮ್ಮಮ್ಮನಿಗೆ ಈ ಮನೇಲಿ ಏನು ಕಮ್ಮಿ ಆಗಿದೆ?" ಎಂದೆ.

"ಅಪ್ಪಾ, ಬೇಜಾರು ಮಾಡ್ಕೋಬೇಡಿ. ಆ ಮನೇಲಿ ಕಿಟಕಿ ತೆಗೆದ್ರೂ ಯಾಕೆ ಅಂತೀರಿ. ಮುಚ್ಚಿದ್ರೂ ಯಾಕೆ ಅಂತೀರಿ. ನಾನಾದ್ರೆ ಮದುವೆ ಆಗಿ ತಪ್ಪಿಸ್ಕೊಂಡೆ. ಅಮ್ಮ ಎಲ್ಲಿಗೆ ಹೋಗ್ಬೇಕು?"

ನನ್ನ ಮಗಳು ನನಗೆ ಹೀಗೆ ಹೇಳಿದಳು. ಫೋನ್ ಇಟ್ಟೆ. ಗಿರಾಕಿ ಬಂದು ಎರಡು ಸಲ ಕೂಗಬೇಕಾಯಿತು.

ಸಂಜೆ ಒಂದು ಕೆಲಸ ಮಾಡಿದೆ. ಅವಳು ಬಾಗಿಲು ತೆರೆದು ಒಳಗೆ ಬಂದಾಗಿನಿಂದ ಚಹಾ ಕೈಗೆ ಬರುವವರೆಗೆ ನಾನು ಎಷ್ಟು ಪ್ರಶ್ನೆ ಕೇಳುತ್ತೇನೆ ಎಂದು ಎಣಿಸಿದೆ. ಬೇಕೆಂದು ಕೇಳಲಿಲ್ಲ, ಬಾಯಿಗೆ ಬಂದದ್ದನ್ನೇ ಬಿಟ್ಟೆ. ಯಾವ ಕಡೆ ಹೋಗಿದ್ದೆ, ಯಾರು ಸಿಕ್ಕಿದರು, ಏನಂದರು, ಕೈಚೀಲದಲ್ಲಿ ಏನು, ಯಾಕೆ ಬೆವರಿದ್ದೀಯ.

ಹನ್ನೊಂದು.

ಮಾರ್ಚ್ 27, ಗುರುವಾರ

ಗುಮಾಸ್ತ ನೆನಪು ಮಾಡಿ ಹೋದ. "ಸೋಮವಾರ ಬೀಗ ಹಾಕಿ ಎರಡು ಕೀ ಆಫೀಸಿಗೆ ಕೊಡಿ. ಮೂರನೇದು ಯಾರ ಹತ್ರಾನೂ ಇರೋ ಹಾಗಿಲ್ಲ, ನೋಡಿ ಮತ್ತೆ." ಹೆಂಡತಿ ಒಳಗಿದ್ದಳು. ಪಾತ್ರೆ ತೊಳೆಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ತಿಂಗಳ ಕೊನೆ. ಈಗ ಅರ್ಥವಾಯಿತು. ಅವಳ ಒಂದು ಗಂಟೆಗೆ ನಾನು ನನ್ನ ಕೈಯಾರೆ ಬೀಗ ಜಡಿಯಬೇಕು. ಜಡಿದ ಮರುದಿನ ಅವಳು ತಂಗಿಯ ಹಿಂದಿನ ಕೋಣೆಗೆ ಹೋಗುತ್ತಾಳೆ.

ಹೊಸ ಕೀಲಿಕೈ ಮಾಡಿ ಕೈಗೆ ಕೊಟ್ಟರೆ, ನಾನು ಕದ್ದು ನೋಡಿದೆ ಎಂದು ಒಪ್ಪಿಕೊಂಡಂತೆ. ಆಗಲೂ ಹೋಗುತ್ತಾಳೆ, ಇನ್ನೂ ಬೇಗ. ಕೊಡದಿದ್ದರೂ ಹೋಗುತ್ತಾಳೆ. ಇಂದು ಒಂದು ಕೆಲಸಕ್ಕೂ ಕೈ ಓಡಲಿಲ್ಲ. ಅವಳು ಇಲ್ಲದ ಮನೆಯಲ್ಲಿ ಯಾರನ್ನು ಕೇಳಲಿ, ಏನು ಕೇಳಲಿ? ಭಯವಾಗುತ್ತಿದೆ. ಹೀಗೆ ಬರೆದದ್ದು ಇದೇ ಮೊದಲು.

ಮಾರ್ಚ್ 29, ಶನಿವಾರ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾರಿ ಸಿಕ್ಕಿತು.

ಬೆಳಿಗ್ಗೆ ಹೋಗಿ ಹಳೇ ಬೀಗದ ಐದು ಲಿವರಿಗೂ ಒಂದೊಂದು ನಕಲು ತೆಗೆದುಕೊಂಡು ಬಂದೆ. ಹೊಸ ಪೆಟ್ಟಿಗೆಯ ಒಳಗೆ ಅದೇ ಏರಿಳಿತದ ಲಿವರುಗಳನ್ನು ಕೂರಿಸುತ್ತಿದ್ದೇನೆ. ಹೊರಗೆ ಹೊಸ ಬೀಗ, ಒಳಗೆ ಹಳೇ ಕರುಳು. ಆಫೀಸಿನ ಎರಡು ಕೀಲಿಕೈ ತೆರೆಯುತ್ತವೆ, ಅವಳದೂ ತೆರೆಯುತ್ತದೆ. ನಾನು ಅವಳಿಗೆ ಏನೂ ಕೊಟ್ಟಂತಾಗಲಿಲ್ಲ, ಏನೂ ನೋಡಿದಂತಾಗಲಿಲ್ಲ. ಹೊರಗಿನ ತಗಡು ಮಾತ್ರ ಬದಲಾಯಿಸಿದ್ದಾರೆ ಎಂದುಕೊಳ್ಳುತ್ತಾಳೆ.

ಗಿರಾಕಿಗೆ ಗೊತ್ತಿಲ್ಲದ ಕೀಲಿಕೈ ಹೊರಗೆ ಇರಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನನ್ನ ಗುರು ಬದುಕಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಬಿಗಿಯಲಿ.

ಮಾರ್ಚ್ 31, ಸೋಮವಾರ

ಹನ್ನೊಂದಕ್ಕೆ ಬೀಗ ಕೂರಿಸಿದೆ. ಗುಮಾಸ್ತ ಮೂರು ಸಲ ತೆರೆದು ಮುಚ್ಚಿ ಖುಷಿಪಟ್ಟು, ಮುರಿದ ಕಲ್ಲುಗಳ ಪಟ್ಟಿ ತೆಗೆದುಕೊಂಡು ಹೋದ. ಆ ಮೂಲೆಯ ಚಪ್ಪಟೆ ಸಮಾಧಿಯ ಬಗ್ಗೆ ಪಟ್ಟಿಯಲ್ಲಿ ಏನೂ ಬರೆದಿಲ್ಲ. ಅಲ್ಲಿ ಏನೂ ಮುರಿದಿಲ್ಲ.

ಮನೆಗೆ ಬಂದು "ಹೊಸ ಬೀಗ ಹಾಕಿ ಬಂದೆ," ಎಂದೆ. "ಹೂಂ," ಎಂದಳು. ಸಂಜೆ ಎಂದಿನಂತೆ ಚಪ್ಪಲಿ ಮೆಟ್ಟಿ ಹೊರಟಳು. ಕೊನೆಯ ಸಲ ಗ್ರಿಲ್ಲಿನಾಚೆಯಿಂದಾದರೂ ನೋಡಿ ಬರೋಣ ಎಂದು ಹೋಗುವವಳಂತೆ ಇದ್ದಳು. ನಾನು ಅಂಗಡಿಯಲ್ಲಿ ಕೂತೇ ಇದ್ದೆ. ಗಿರಾಕಿಯೊಬ್ಬನ ಸೂಟ್‌ಕೇಸಿನ ಬೀಗವನ್ನು ಎರಡು ಸಲ ತಪ್ಪಾಗಿ ಜೋಡಿಸಿದೆ.

ಅವಳು ಬಂದಾಗ ಗಂಟೆ ಎಷ್ಟಾಗಿತ್ತೋ, ಬೀದಿಯ ದೀಪ ಹತ್ತಿತ್ತು. ಕೈಕಾಲು ತೊಳೆದು, ಚಹಾ ಮಾಡಿ, ನನ್ನದನ್ನು ನನ್ನ ಮುಂದಿಟ್ಟು ಎದುರು ಕೂತಳು. ನನ್ನ ಬಾಯಿ ತುಂಬ ಪ್ರಶ್ನೆ. ಚಹಾ ಬಿಸಿಯಿದ್ದದ್ದು ಒಳ್ಳೆಯದಾಯಿತು.

"ಮೂರನೇ ಲಿವರು ಸ್ವಲ್ಪ ಹಿಡೀತಿದೆ," ಎಂದಳು.

ಲೋಟ ಕೆಳಗಿಟ್ಟೆ.

"ಹೊಸ ಸ್ಪ್ರಿಂಗ್ ಅಲ್ವಾ, ಬಿಗಿ. ಒಂದು ಕೂದಲಷ್ಟು ಉಜ್ಜಿದ್ರೆ ಸರಿಹೋಗತ್ತೆ. ನಾಳೆ ನಾನೇ ಸಣ್ಣ ಅರ ತಗೊಂಡು ಹೋಗ್ತೀನಿ. ನೀವು ಬರೋದು ಬೇಡ."

ನಾಳೆ, ಎಂದಳು. ನಾಳೆ ಇರುತ್ತಾಳೆ. ನನ್ನ ಕಣ್ಣು ತುಂಬಿತು, ಅವಳಿಗೆ ಕಾಣದಿರಲಿ ಎಂದು ತಲೆ ತಗ್ಗಿಸಿದೆ. ಕ್ಷಮಿಸು ಎನ್ನಬೇಕಿತ್ತು. ಬೇಕರಿಯವನ ಕಲ್ಲಿನ ಹಿಂದೆ ಕೂತಿದ್ದದ್ದನ್ನು ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವಳೇ ತಡೆದಳು.

"ಆವತ್ತು ನಿಮ್ಮ ಚಪ್ಪಲಿ ಕಾಣಿಸ್ತಿತ್ತು. ಈಗ ಎದ್ದು ಬರ್ತೀರಿ, ಈಗ ಕೇಳೋಕೆ ಶುರು ಮಾಡ್ತೀರಿ ಅಂತ ಕಾದೆ. ಒಂದು ಮಾತು ಕೇಳಿದ್ರೂ ಸೀದಾ ತಂಗಿ ಮನೆಗೇ ಹೋಗ್ತಿದ್ದೆ. ನೀವು ಬರಲಿಲ್ಲ. ಮಾರನೇ ದಿನ ಅವಳಿಗೆ ಫೋನ್ ಮಾಡಿ, ಕೋಣೆ ಖಾಲಿ ಮಾಡೋದಕ್ಕೆ ಅವಸರ ಬೇಡ, ಬೀಗ ಬೀಳೋವರೆಗೂ ನೋಡೋಣ ಅಂದೆ."

ಮಂಡಿ ಹಿಡಿದುಕೊಂಡಿದ್ದರಿಂದ ಏಳಲಿಲ್ಲ ಎಂದು ನಾನು ಹೇಳಲಿಲ್ಲ.

ಅವಳು ಎರಡೂ ಲೋಟ ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾವಿಬ್ಬರೂ ಒಂದೇ ಕಡೆ ಒಂದು ಗಂಟೆ ಸುಮ್ನೆ ಕೂತಿದ್ದು, ಮದುವೆ ಆದ್ಮೇಲೆ ಅದೇ ಮೊದಲು," ಎಂದಳು.

ನಂಬದೆ, ಇಪ್ಪತ್ತಾರು ವರ್ಷವನ್ನೂ ಲೆಕ್ಕ ಹಾಕಿ ನೋಡಿದೆ. ನಿಜ.